ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುವ ಮುಂಚೆ: ಹೊಟ್ಟೆಯ ಕಾಯಿಲೆಯನ್ನು ಗುರುತಿಸಿ, ಪರೀಕ್ಷೆ ಮಾಡಿಸಿ, ಗುಣಪಡಿಸಿಕೊಳ್ಳುವ ಕ್ರಮ

ನಾನು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತು ಒಂದೇ: "ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ." ಎಲ್ಲಿ ನೋವು ಅಂತ ಕೇಳಿದರೆ ಒಬ್ಬರು ಎದೆಗೂಡಿನ ಕೆಳಗೆ ಅಂಗೈ ಇಡುತ್ತಾರೆ. ಇನ್ನೊಬ್ಬರು ಬಲ ಪಕ್ಕೆಲುಬಿನ ಕೆಳಗೆ ಬೆರಳು ಒತ್ತುತ್ತಾರೆ. ಮತ್ತೊಬ್ಬರು ಹೊಕ್ಕುಳಿನ ಸುತ್ತ ಕೈಯಾಡಿಸುತ್ತಾರೆ. ಇನ್ನೂ ಒಬ್ಬರು ಎಡ ಭುಜ ಹಿಡಿದುಕೊಂಡು "ಗ್ಯಾಸ್ ಇಲ್ಲಿಗೆ ಏರಿದೆ" ಅನ್ನುತ್ತಾರೆ. ನಾಲ್ಕು ಜಾಗ, ನಾಲ್ಕು ಬೇರೆ ಬೇರೆ ತೊಂದರೆ. ಎಲ್ಲರೂ ಕೇಳುವುದು ಮಾತ್ರ ಅದೇ ಮಾತ್ರೆ.

ಗ್ಯಾಸ್ಟ್ರಿಕ್ ಅನ್ನುವುದು ಕಾಯಿಲೆಯ ಹೆಸರೇ ಅಲ್ಲ. ಹೊಟ್ಟೆಗೆ ಸಂಬಂಧಪಟ್ಟದ್ದು ಅಂತ ಮಾತ್ರ ಅದರ ಅರ್ಥ. ಜನ ಎಡವುವುದು ಔಷಧಿಯಲ್ಲಿ ಅಲ್ಲ, ಕ್ರಮದಲ್ಲಿ. ಮೊದಲು ಮಾತ್ರೆ, ಆಮೇಲೆ ವಿಚಾರಣೆ. ಆಗ ಮಾತ್ರೆ ಲಕ್ಷಣವನ್ನು ಮುಚ್ಚುತ್ತದೆ, ಕೆಲವು ಪರೀಕ್ಷೆಗಳನ್ನೂ ಕೆಡಿಸುತ್ತದೆ. ಅದಕ್ಕೇ ಈ ಕ್ರಮವನ್ನು ಹಂತ ಹಂತವಾಗಿ ಬರೆದಿದ್ದೇನೆ. ಇದು ಡಾಕ್ಟರ ಬದಲಿಗೆ ಅಲ್ಲ. ಡಾಕ್ಟರ ಮುಂದೆ ಸರಿಯಾದ ಹೊತ್ತಿಗೆ, ಸರಿಯಾದ ಮಾಹಿತಿ ಹಿಡಿದು ಕೂರುವುದಕ್ಕೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಚಿಕ್ಕ ನೋಟ್‌ಬುಕ್, ಥರ್ಮಾಮೀಟರ್, ತೂಕದ ಯಂತ್ರ, 1 ಲೀಟರ್ ಅಳತೆಯ ಬಾಟಲಿ, ನಾಲ್ಕೈದು ಓಆರ್‌ಎಸ್ ಪ್ಯಾಕೆಟ್. ಜೊತೆಗೆ ಮನೆಯಲ್ಲಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಕವರ್‌ಗೆ ಹಾಕಿಡಿ. ಮಂಡಿನೋವಿನ ಮಾತ್ರೆ, ನಾಟಿ ಪುಡಿ, ಲೇಹ್ಯ ಎಲ್ಲವೂ ಅದರಲ್ಲಿರಲಿ. ಈ ಕವರ್ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಹಂತ 1: ಕಾಯಬಹುದಾ, ಈಗಲೇ ಹೊರಡಬೇಕಾ?

ಯಾವ ಹೊಟ್ಟೆನೋವೇ ಇರಲಿ, ಮೊದಲ ಹತ್ತು ನಿಮಿಷ ಈ ಒಂದೇ ಪ್ರಶ್ನೆಗೆ ಮೀಸಲು.

ಮೊದಲನೆಯದು ಹೃದಯ. ಎದೆ ಮಧ್ಯೆ ಭಾರ, ತಣ್ಣನೆ ಬೆವರು, ಉಸಿರು ಕಟ್ಟುವುದು, ದವಡೆಗೋ ಎಡಗೈಗೋ ಹರಡುವ ನೋವು ಇದ್ದರೆ ಸೋಡಾ ಕುಡಿಸಿ ತೇಗು ಬರಲಿ ಅಂತ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಕೆಲವೊಮ್ಮೆ ಬರೀ ಮೇಲ್ಹೊಟ್ಟೆ ಉರಿ, ವಾಕರಿಕೆ, ಸುಸ್ತಾಗಿ ಕಾಣಿಸಿಕೊಳ್ಳುತ್ತದೆ. 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರಿಗೆ ಕಳಿಸುವ ವ್ಯವಸ್ಥೆ ಇದೆ. ದೊಡ್ಡ ಊರಿಗೆ ಹೋಗೋಣ ಅಂತ ಹೊತ್ತು ಕಳೆಯಬೇಡಿ. ಇನ್ನೊಂದು ಮಾತು: ಮೊದಲ ಇಸಿಜಿ ಸರಿ ಬಂತು, ಆದರೆ ನೋವು ನಿಂತಿಲ್ಲ ಅಂದರೆ ಅಲ್ಲಿಂದ ಎದ್ದು ಬರಬೇಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ ಬೇಕಾಗುತ್ತದೆ.

ಎರಡನೆಯದು ರಕ್ತ. ವಾಂತಿಯಲ್ಲಿ ಕೆಂಪು ರಕ್ತ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಫಿಲ್ಟರ್ ಕಾಫಿಯ ಗಸಿಯಂತೆ ಕಂದು ಚೂರು ಬಂದರೂ ಅದು ರಕ್ತವೇ, ಹೊಟ್ಟೆಯ ಆಮ್ಲದಲ್ಲಿ ಬಣ್ಣ ಬದಲಿಸಿದ ರಕ್ತ. ಮಲ ಡಾಂಬರಿನಂತೆ ಕಪ್ಪಾಗಿ, ಹೊಳೆಯುತ್ತಾ, ಅಂಟಂಟಾಗಿ, ಹಿಂದೆಂದೂ ಇರದ ಕೆಟ್ಟ ವಾಸನೆ ಬರುತ್ತಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲಿ ಎಲ್ಲೋ ರಕ್ತ ಸೋರುತ್ತಿದೆ ಅಂತ ತಿಳಿಯಿರಿ.

ಇದನ್ನು ನಮ್ಮ ಮನೆಯಲ್ಲೇ ತಪ್ಪು ಓದಿದೆವು. ಅಪ್ಪ ತಿಂಗಳುಗಟ್ಟಲೆ ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದರು. ಒಂದು ಬೆಳಿಗ್ಗೆ "ಕಪ್ಪಗೆ ಹೋಗ್ತಿದೆ ಕಣೋ" ಅಂದರು. ನಿನ್ನೆ ರಾಗಿ ಮುದ್ದೆ, ಹುರುಳಿ ಸಾರು ತಿಂದಿದ್ದೀರಲ್ಲ ಅಂತ ಅಮ್ಮ ಅಂದರು. ನಾನೂ ಹೂಂ ಅಂದೆ. ಮೂರನೇ ದಿನ ಬಚ್ಚಲಿನಿಂದ ಹೊರಗೆ ಬರುವಾಗ ಗೋಡೆ ಹಿಡಿದುಕೊಂಡವರು ಹಾಗೇ ಕುಸಿದರು. ತುಟಿ ಬಿಳಿಚಿತ್ತು, ಹಣೆ ತಣ್ಣಗಿತ್ತು. ಹಿಮೋಗ್ಲೋಬಿನ್ 6.4. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದಾಗ, ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣು ಕಾಣಿಸಿತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ರಾಗಿ ತಿಂದರೆ ಮಲ ಗಾಢ ಕಂದಾಗಬಹುದು, ಕಬ್ಬಿಣದ ಮಾತ್ರೆ ತಿಂದರೆ ಕಪ್ಪಾಗಬಹುದು. ಆದರೆ ಆಗ ಅಂಟು ಇರುವುದಿಲ್ಲ, ಆ ವಾಸನೆಯೂ ಇರುವುದಿಲ್ಲ. ನೀರು ಹಾಕಿದರೂ ಟಾಯ್ಲೆಟ್ ಬೇಸಿನ್‌ಗೆ ಮೆತ್ತಿಕೊಂಡು ಕೂರುವಂಥ ಕಪ್ಪು ಮಲ ಇದ್ದರೆ, ತಲೆಸುತ್ತು ಇಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ.

ತಕ್ಷಣ ಹೊರಡಬೇಕಾದ ಇನ್ನಷ್ಟು ಸೂಚನೆಗಳು:

- ಹೊಕ್ಕುಳಿನ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲ ಕೆಳಹೊಟ್ಟೆಗೆ ಇಳಿದು ನಿಂತಿದೆ, ಕೆಮ್ಮಿದರೆ ಅಥವಾ ಗಾಡಿ ಹಂಪ್ ಹಾರಿದರೆ ಅಲ್ಲೇ ಚುಚ್ಚುತ್ತದೆ. ಇದು ಅಪೆಂಡಿಕ್ಸ್ ಇರಬಹುದು.
- ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದೆ, ಮುಟ್ಟಲು ಬಿಡುವುದಿಲ್ಲ.
- ವಾಂತಿ ಆಗುತ್ತಿದೆ, ಹೊಟ್ಟೆ ಉಬ್ಬಿದೆ, ಮಲವೂ ಇಲ್ಲ, ಗಾಳಿಯೂ ಹೋಗುತ್ತಿಲ್ಲ.
- ಚಳಿಜ್ವರ, ಬಲ ಮೇಲ್ಹೊಟ್ಟೆ ನೋವು, ಕಣ್ಣು ಹಳದಿ ಮೂರೂ ಒಟ್ಟಿಗೆ ಬಂದಿವೆ.
- ಮುಟ್ಟು ತಪ್ಪಿದ ಹೆಂಗಸಿಗೆ ಕೆಳಹೊಟ್ಟೆ ಒಂದು ಬದಿ ಜೋರು ನೋವು. ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಇದನ್ನು ಗ್ಯಾಸ್ ಅಂದುಕೊಂಡರೆ ಜೀವಕ್ಕೇ ಅಪಾಯ.

ಈ ಹೊತ್ತಿನಲ್ಲಿ ಮಾಡಬಾರದ್ದು ಮೂರು. ಭೇದಿ ಮಾತ್ರೆ ಅಥವಾ ಎನಿಮಾ ಕೊಡಬೇಡಿ. ಬಟ್ಟಿ ಜರುಗಿದೆ ಅಂತ ಹೊಟ್ಟೆ ತಿಕ್ಕಿಸಬೇಡಿ. ಅಪೆಂಡಿಕ್ಸ್ ಊದಿಕೊಂಡಿದ್ದರೆ ತಿಕ್ಕಿದಾಗ ಒಡೆಯಬಹುದು. ಊಟ ಕೊಡಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು.

ಹಂತ 2: ಜಾಗ ಗುರುತಿಸಿ, ಸಮಯ ಗುರುತಿಸಿ

ಮೇಲಿನ ಯಾವುದೂ ಇಲ್ಲ ಅಂದರೆ ಗಾಬರಿ ಬೇಡ. ಈಗ ನೋವು ಎಲ್ಲಿ, ಯಾವಾಗ, ಯಾವುದರಿಂದ ಜಾಸ್ತಿ ಅಥವಾ ಕಮ್ಮಿ ಅಂತ ನೋಡಬೇಕು.

*ಎದೆಮೂಳೆಯ ಹಿಂದೆ ಉರಿ, ಬಾಯಿಗೆ ಹುಳಿ ನೀರು.* ಬಗ್ಗಿದಾಗ, ಊಟ ಮಾಡಿ ಮಲಗಿದಾಗ ಜಾಸ್ತಿ. ಇದು ಆಮ್ಲ ಅನ್ನನಾಳಕ್ಕೆ ವಾಪಸ್ ಹತ್ತುವುದು, ಆಸಿಡ್ ರಿಫ್ಲಕ್ಸ್. ಕೆಲವರಿಗೆ ಎದೆಯುರಿಯೇ ಇರುವುದಿಲ್ಲ. ರಾತ್ರಿ ಕೆಮ್ಮು, ಬೆಳಿಗ್ಗೆ ಗಂಟಲು ಕೆರೆತ ಮಾತ್ರ ಇರುತ್ತದೆ.

*ಎದೆಗೂಡಿನ ಕೆಳಗೆ, ಮಧ್ಯದಲ್ಲಿ.* ಹಸಿದಾಗ ಅಥವಾ ನಡುರಾತ್ರಿ ಉರಿದು, ಏನಾದರೂ ತಿಂದರೆ ತಣ್ಣಗಾದರೆ ಸಣ್ಣ ಕರುಳಿನ ಶುರುವಿನ ಹುಣ್ಣು ಇರಬಹುದು. ತಿಂದ ಕೂಡಲೇ ಜಾಸ್ತಿಯಾದರೆ ಜಠರದ ಹುಣ್ಣು. ಇದು ಅಂದಾಜು ಮಾತ್ರ, ಎಂಡೋಸ್ಕೋಪಿ ಇಲ್ಲದೆ ಖಚಿತವಾಗಿ ಹೇಳಲು ಬರುವುದಿಲ್ಲ.

*ಬಲ ಪಕ್ಕೆಲುಬಿನ ಕೆಳಗೆ.* ಮದುವೆ ಊಟ, ಬಿರಿಯಾನಿ, ಬೋಂಡಾ ತಿಂದ ಒಂದೆರಡು ಗಂಟೆಗೆ ನೋವು ಏರಿ, ಬೆನ್ನಿಗೋ ಬಲ ಭುಜಕ್ಕೋ ಹರಡಿ, ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ ಕಾಡಿ, ತಾನೇ ಇಳಿಯುತ್ತದೆ. ಪಿತ್ತಕೋಶದ ಕಲ್ಲಿನ ನಡವಳಿಕೆ ಹೀಗಿರುತ್ತದೆ. ವರ್ಷಗಟ್ಟಲೆ ಗ್ಯಾಸ್ ಮಾತ್ರೆ ತಿಂದು ಕೊನೆಗೆ ಕಲ್ಲು ಅಂತ ಗೊತ್ತಾದವರನ್ನು ತುಂಬಾ ಜನ ನೋಡಿದ್ದೇನೆ.

*ಮೇಲ್ಹೊಟ್ಟೆಯಿಂದ ನೇರ ಬೆನ್ನಿಗೆ ಹೊಡೆಯುವ ಜೋರು ನೋವು.* ಮುಂದೆ ಬಗ್ಗಿ ಕೂತರೆ ಸ್ವಲ್ಪ ಹಿತ. ಮದ್ಯ ಕುಡಿಯುವವರಲ್ಲಿ, ಪಿತ್ತದ ಕಲ್ಲು ಇರುವವರಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು. ಇದಕ್ಕೆ ಮನೆಮದ್ದು ಇಲ್ಲ, ಆಸ್ಪತ್ರೆಯೇ ಬೇಕು.

*ಕೆಳಹೊಟ್ಟೆ ಹಿಂಡಿದಂತೆ, ಮಲಕ್ಕೆ ಹೋಗಿ ಬಂದರೆ ಬದಲಾಗುವ ನೋವು.* ಒಂದು ದಿನ ಭೇದಿ, ಒಂದು ದಿನ ಕಟ್ಟು. ವಾರಕ್ಕೆ ಒಂದು ದಿನವಾದರೂ ಹೀಗಾಗುತ್ತಾ ಮೂರು ತಿಂಗಳಾಗಿದ್ದರೆ ಐಬಿಎಸ್ ಇರಬಹುದು, ಅಂದರೆ ಹುಣ್ಣು ಗಾಯ ಇಲ್ಲದೆಯೇ ಕರುಳಿನ ಕೆಲಸ ಏರುಪೇರಾಗುವ ತೊಂದರೆ. ಐಬಿಎಸ್ ನಿದ್ದೆಯಿಂದ ಎಬ್ಬಿಸುವುದು ಅಪರೂಪ. ಅದರಲ್ಲಿ ರಕ್ತ ಬರುವುದಿಲ್ಲ, ಜ್ವರ ಬರುವುದಿಲ್ಲ, ತೂಕ ಇಳಿಯುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಅಂತ ಸುಮ್ನೆ ಕೂರಬಾರದು.

ಸಂಜೆ ಸಣ್ಣ ಜ್ವರ, ತೂಕ ಇಳಿಕೆ, ಬಲ ಕೆಳಹೊಟ್ಟೆಯಲ್ಲಿ ಬಂದು ಹೋಗುವ ನೋವು ವಾರಗಟ್ಟಲೆ ಇದ್ದರೆ ಕರುಳಿನ ಕ್ಷಯವನ್ನೂ ನೆನಪಿಟ್ಟುಕೊಳ್ಳಿ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಅದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹಂತ 3: ಎರಡು ವಾರ ಬರೆದಿಡಿ

ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಡಾಕ್ಟರಿಗೆ ಒಂದು ಪುಟದಲ್ಲಿ ಸಿಗುವ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಹೀಗೆ ಬರೆದರೆ ಸಾಕು:

"ಮಂಗಳವಾರ. ರಾತ್ರಿ 10.15 ಊಟ, ಅನ್ನ ಬೇಳೆಸಾರು ಹಪ್ಪಳ. 10.45 ಮಲಗಿದ್ದು. 1.30ಕ್ಕೆ ಹುಳಿತೇಗು, ಎದ್ದು ಕೂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಎರಡು ಲೋಟ. ಮಲ ಗಟ್ಟಿ, ರಕ್ತ ಇಲ್ಲ."

ಇಂಥ ಆರು ದಿನದ ಬರಹ ನೋಡಿದರೆ ಊಟಕ್ಕೂ ಮಲಗುವುದಕ್ಕೂ ಅರ್ಧ ಗಂಟೆಯಷ್ಟೇ ಅಂತರ ಇರುವುದು ಬರೆದವರಿಗೇ ಕಾಣುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ನೋಡಿ ಬರೆಯಿರಿ.

ಹೊಟ್ಟೆ ಉಬ್ಬರ, ಗುಡುಗುಡು, ತೆಳು ಮಲ ಇರುವವರು ಇದೇ ಹೊತ್ತಿನಲ್ಲಿ ಹಾಲು ಬಿಟ್ಟು ನೋಡಬಹುದು. ಹಾಲು, ಹಾಲಿನ ಕಾಫಿ, ಖೋವಾ ಸಿಹಿ ಎರಡು ವಾರ ಬೇಡ. ಮೊಸರು, ಮಜ್ಜಿಗೆ ಬಹಳ ಜನರಿಗೆ ಒಗ್ಗುತ್ತದೆ. ಆಮೇಲೆ ಒಂದು ಲೋಟ ಹಾಲು ಕುಡಿದು ನೋಡಿ. ತೊಂದರೆ ಮರಳಿದರೆ ಕಾರಣ ಸಿಕ್ಕಿತು ಅಲ್ವಾ? ಆದರೆ ಗೋಧಿಯನ್ನು ಹೀಗೆ ನೀವೇ ಬಿಟ್ಟು ಪ್ರಯೋಗ ಮಾಡಬೇಡಿ. ಗೋಧಿ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಮುಂಚೆಯೇ ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರುತ್ತದೆ.

ಹಂತ 4: ಹುಣ್ಣು ಮಾಡುವುದನ್ನು ಮೊದಲು ನಿಲ್ಲಿಸಿ

ಕವರ್‌ನಲ್ಲಿ ಹಾಕಿಟ್ಟ ಸ್ಟ್ರಿಪ್‌ಗಳನ್ನು ಈಗ ತೆಗೆಯಿರಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್, ನ್ಯಾಪ್ರೋಕ್ಸೆನ್ ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ಜಠರದ ಒಳಪದರದ ರಕ್ಷಣೆಯನ್ನು ಇವು ಕಡಿಮೆ ಮಾಡುತ್ತವೆ. ಇಂಜೆಕ್ಷನ್ ತೆಗೆದುಕೊಂಡರೂ ಅಷ್ಟೇ, ಯಾಕೆಂದರೆ ಹುಣ್ಣಾಗುವುದು ಮಾತ್ರೆ ತಾಗಿ ಮಾತ್ರ ಅಲ್ಲ, ಔಷಧಿ ರಕ್ತದಲ್ಲಿ ಸೇರಿದ ಮೇಲೂ ಆಗುತ್ತದೆ. ನೋವಿಗೆ ಏನಾದರೂ ಬೇಕೇ ಬೇಕು ಅಂದರೆ ಹೊಟ್ಟೆಗೆ ಪ್ಯಾರಾಸಿಟಮಾಲ್ ವಾಸಿ, ಅದೂ ಹೇಳಿದ ಪ್ರಮಾಣದಲ್ಲಿ. ಮದ್ಯ ಕುಡಿಯುವವರು, ಲಿವರ್ ತೊಂದರೆ ಇರುವವರು ಅದನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ಒಂದು ಎಚ್ಚರಿಕೆ. ಹೃದಯಕ್ಕೆ ಅಥವಾ ಪಾರ್ಶ್ವವಾಯುವಿಗೆ ಡಾಕ್ಟರು ಬರೆದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಹೊಟ್ಟೆಯುರಿ ಅಂತ ಇದನ್ನು ಬಿಟ್ಟರೆ ಸ್ಟೆಂಟ್‌ನಲ್ಲೇ ರಕ್ತ ಹೆಪ್ಪುಗಟ್ಟಬಹುದು.

ರಿಫ್ಲಕ್ಸ್ ಇರುವವರು ರಾತ್ರಿ ಊಟ ಮುಗಿಸಿ ಮೂರು ಗಂಟೆ ಬಿಟ್ಟು ಮಲಗಬೇಕು. ಮಂಚದ ತಲೆಯ ಕಡೆಯ ಎರಡು ಕಾಲಿನ ಕೆಳಗೆ 6ರಿಂದ 8 ಅಂಗುಲದ ಮರದ ತುಂಡು ಇಡಿ. ಎರಡು ದಿಂಬು ಹಾಕಿದರೆ ಸಾಲದು. ಕತ್ತು ಮಾತ್ರ ಮಡಚಿಕೊಂಡು ಹೊಟ್ಟೆ ಒತ್ತಿದಂತಾಗಿ ಇನ್ನೂ ಜಾಸ್ತಿ ಹುಳಿ ಹತ್ತುತ್ತದೆ. ಎಡಮಗ್ಗುಲಲ್ಲಿ ಮಲಗಿ. ಗುಟ್ಕಾ, ಸಿಗರೇಟು ಬಿಡಲೇಬೇಕು. ಹೊಟ್ಟೆ ಬಂದಿದ್ದರೆ ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 5: ಆಮ್ಲದ ಮಾತ್ರೆ ನುಂಗುವ ಸರಿಯಾದ ರೀತಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಇವೆಲ್ಲ ಒಂದೇ ಗುಂಪಿನವು. ಜಠರದಲ್ಲಿ ಆಮ್ಲ ಸುರಿಸುವ ಪಂಪ್‌ಗಳಿವೆ. ಅವು ಊಟದ ಹೊತ್ತಿಗೆ ಕೆಲಸಕ್ಕೆ ಇಳಿಯುತ್ತವೆ. ಆಗ ಔಷಧಿ ರಕ್ತದಲ್ಲಿ ಸಿದ್ಧ ಇದ್ದರೆ ಮಾತ್ರ ಪಂಪ್‌ಗಳನ್ನು ಹಿಡಿದು ಮುಚ್ಚುತ್ತದೆ. ಅದಕ್ಕೇ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು.

ತಿಂಡಿ ಆದ ಮೇಲೆ ನುಂಗಿದರೆ ಪೂರ್ತಿ ಕೆಲಸ ಆಗುವುದಿಲ್ಲ. ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟರೂ ಹಾಗೇ. ಉರಿ ಬಂದಾಗ ಮಾತ್ರ ಒಂದು ನುಂಗುತ್ತೇನೆ ಅಂದರೆ ಅದು ಆ ಹೊತ್ತಿಗೆ ಕೆಲಸ ಮಾಡುವ ಮಾತ್ರೆ ಅಲ್ಲ. ಪೂರ್ತಿ ಪರಿಣಾಮ ಕಾಣಲು ಮೂರ್ನಾಲ್ಕು ದಿನ ಬೇಕು. ತಕ್ಷಣದ ಉರಿಗೆ ದ್ರವದ ಆಂಟಾಸಿಡ್ ಸರಿ. ಬಾಟಲಿ ಕುಲುಕಿ ಕುಡಿಯಿರಿ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಆಂಟಾಸಿಡ್‌ಗೂ ಕೆಲವು ಗಂಟೆ ಅಂತರ ಕೊಡಬೇಕು. ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ. ನೊರೆ ಬರುವ ಸೋಡಾ ಪುಡಿಯಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ.

ಹೆಸರಿನ ಕೊನೆಯಲ್ಲಿ "ಡಿ" ಅಥವಾ "ಡಿಎಸ್‌ಆರ್" ಇರುವ ಕ್ಯಾಪ್ಸೂಲ್‌ಗಳನ್ನು ಜನ ಟೀ ಕುಡಿದಂತೆ ನುಂಗುತ್ತಾರೆ. ಅದರಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ವಾಕರಿಕೆಗೆ ಕೆಲವು ದಿನ ಕೊಡುವ ಔಷಧಿ ಅದು. ಎದೆಬಡಿತದ ಲಯ ತಪ್ಪಿಸುವ ಸಾಧ್ಯತೆ ಇರುವುದರಿಂದ ಹೃದಯದ ತೊಂದರೆ ಇರುವವರು, 60 ದಾಟಿದವರು ಡಾಕ್ಟರು ಹೇಳದೆ ಮುಟ್ಟಬಾರದು. ತಿಂಗಳುಗಟ್ಟಲೆ ನುಂಗುವುದಂತೂ ಯಾರಿಗೂ ಬೇಡ.

ಸಾಮಾನ್ಯವಾಗಿ 4ರಿಂದ 8 ವಾರಕ್ಕೆ ಕೋರ್ಸ್ ಮುಗಿಯುತ್ತದೆ. ವರ್ಷಗಟ್ಟಲೆ ಎಳೆದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ತುಂಬಾ ದಿನ ನುಂಗಿ ಒಂದೇ ದಿನ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಸುರಿದು ಉರಿ ಏರುತ್ತದೆ. "ನೋಡಿ, ಬಿಟ್ಟರೆ ಆಗಲ್ಲ" ಅಂತ ಜನ ಮತ್ತೆ ಶುರು ಮಾಡುವುದು ಇದರಿಂದಲೇ. ಇದು ಕೆಲವು ವಾರದಲ್ಲಿ ತಗ್ಗುತ್ತದೆ. ಡಾಕ್ಟರ ಸಲಹೆಯಂತೆ ಪ್ರಮಾಣ ಇಳಿಸುತ್ತಾ ಬಿಡಿ. ಇನ್ನೊಂದು ಕಡೆ, ಆಸ್ಪಿರಿನ್ ಜೊತೆ ಹೊಟ್ಟೆ ಕಾಪಾಡಲು ಬರೆದುಕೊಟ್ಟವರು ಇದನ್ನು ಓದಿ ನಿಲ್ಲಿಸಬೇಡಿ. ಅವರಿಗೆ ಅದು ಬೇಕು.

ಹಂತ 6: ಯಾವ ಪರೀಕ್ಷೆ, ಹೇಗೆ ತಯಾರಿ

ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ತೂಕ ಸುಮ್ಮನೆ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತ ಕಡಿಮೆ ಇದ್ದರೆ, ವಾಂತಿ ನಿಲ್ಲದಿದ್ದರೆ, 50ರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದರೆ, ಮನೆಯಲ್ಲಿ ಯಾರಿಗಾದರೂ ಜಠರದ ಅಥವಾ ಕರುಳಿನ ಕ್ಯಾನ್ಸರ್ ಆಗಿದ್ದರೆ ಎರಡು ವಾರವೂ ಕಾಯಬೇಡಿ.

"ಸ್ಕ್ಯಾನಿಂಗ್ ಮಾಡಿಸಿದೆ, ಎಲ್ಲ ನಾರ್ಮಲ್, ಆದರೂ ಉರಿ ಹೋಗಿಲ್ಲ" ಅನ್ನುವವರು ಬಹಳ. ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ಕಲ್ಲು, ಲಿವರ್, ಕಿಡ್ನಿ ಚೆನ್ನಾಗಿ ಕಾಣುತ್ತದೆ. ಜಠರದ ಹುಣ್ಣು ಕಾಣುವುದಿಲ್ಲ. ಹುಣ್ಣು ನೋಡಲು ಎಂಡೋಸ್ಕೋಪಿ ಬೇಕು. ಎಂಡೋಸ್ಕೋಪಿಯಲ್ಲಿ ಪಿತ್ತದ ಕಲ್ಲು ಕಾಣುವುದಿಲ್ಲ. ಇದಕ್ಕೆ ಅದು, ಅದಕ್ಕೆ ಇದು ಅಂತ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ದಿನವೂ ಉಳಿಯುತ್ತದೆ.

ಪಿತ್ತಕೋಶದ ಅಲ್ಟ್ರಾಸೌಂಡ್‌ಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಬೇಕು. ಕಾಫಿ ಕುಡಿದು ಹೋದರೆ ಪಿತ್ತಕೋಶ ಕುಗ್ಗಿ ಕಲ್ಲು ತಪ್ಪಿಸಿಕೊಳ್ಳಬಹುದು. ನೋವೇ ಇಲ್ಲದೆ ಬೇರೆ ಯಾವುದೋ ಸ್ಕ್ಯಾನ್‌ನಲ್ಲಿ ಕಲ್ಲು ಸಿಕ್ಕರೆ ಬಹುತೇಕ ಆಪರೇಷನ್ ಬೇಕಾಗುವುದಿಲ್ಲ. ನೋವು ಕೊಟ್ಟ ಕಲ್ಲು ಮತ್ತೆ ನೋವು ಕೊಡುವ ಸಾಧ್ಯತೆ ಜಾಸ್ತಿ. ಅದಕ್ಕೆ ಪಿತ್ತಕೋಶವನ್ನೇ ತೆಗೆಯುವುದು ಪರಿಹಾರ. ಕರಗಿಸುವ ಕಷಾಯ ಅಂತ ಮಾರುವುದನ್ನು ನಂಬಿ ವರ್ಷ ಕಳೆಯಬೇಡಿ.

ಎಂಡೋಸ್ಕೋಪಿಗೂ 6ರಿಂದ 8 ಗಂಟೆ ಖಾಲಿ ಹೊಟ್ಟೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ನೋಡುವ ಕೆಲಸ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಓಕರಿಕೆ ಬರುತ್ತದೆ, ಉಸಿರಿಗೆ ಅಡ್ಡಿಯಿಲ್ಲ. ಮೂಗಿನಲ್ಲಿ ನಿಧಾನ ಉಸಿರಾಡಿ. ನಿದ್ದೆ ಇಂಜೆಕ್ಷನ್ ಕೊಟ್ಟರೆ ಆ ದಿನ ಗಾಡಿ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ.

ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಕೆಡುವುದು ತಯಾರಿಯಲ್ಲೇ. ಎರಡು ಮೂರು ದಿನ ಮುಂಚೆಯೇ ಸೊಪ್ಪು, ಕಾಳು, ರಾಗಿ, ಬೀಜವಿರುವ ಸೀಬೆ ಟೊಮೆಟೊ ಬಿಡಿ. ಕಬ್ಬಿಣದ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಿ. ಕೊಟ್ಟ ಪುಡಿ ಕಲಸಿದ ನೀರನ್ನು ಪೂರ್ತಿ ಕುಡಿಯಿರಿ. ಕೊನೆಗೆ ಮಲ ತಿಳಿ ಹಳದಿ ನೀರಿನಂತೆ ಆಗಬೇಕು. ಸಕ್ಕರೆ ಕಾಯಿಲೆ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮುಂಚೆಯೇ ಕೇಳಿ.

ಜ್ವರದ ಜೊತೆ ಹೊಟ್ಟೆನೋವು ಇದ್ದರೆ ವಿಡಾಲ್ ಅನ್ನುವ ರಕ್ತಪರೀಕ್ಷೆ ಮಾಡಿಸಿ ಟೈಫಾಯ್ಡ್ ಅಂತ ತೀರ್ಮಾನ ಮಾಡುವುದು ನಮ್ಮಲ್ಲಿ ರೂಢಿ. ಒಂದು ಸಲ ಮಾಡಿಸಿದ ವಿಡಾಲ್ ನಂಬಲು ಸಾಲದು. ಹಳೆಯ ಸೋಂಕು, ಲಸಿಕೆಯಿಂದಲೂ ಪಾಸಿಟಿವ್ ಬರುತ್ತದೆ. ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಆಗುತ್ತದಾ ಅಂತ ಕೇಳಿ.

ಖರ್ಚಿನ ಚಿಂತೆ ಇರುವವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳಿಗಾಗಿಯೇ ಸರ್ಕಾರಿ ಸಂಸ್ಥೆ ಇದೆ.

ಹಂತ 7: ಎಚ್ ಪೈಲೋರಿ ಇದ್ದರೆ 14 ದಿನ ಒಂದೂ ತಪ್ಪಬಾರದು

ಅಪ್ಪನಿಗೆ ಹುಣ್ಣಿನ ಜೊತೆ ಇದೂ ಸಿಕ್ಕಿತು. ಜಠರದ ಒಳಪದರದಲ್ಲಿ ಕೂರುವ ಬ್ಯಾಕ್ಟೀರಿಯಾ ಇದು. ಇದು ಇರುವವರೆಗೆ ಹುಣ್ಣು ಮಾಗಿದರೂ ಮತ್ತೆ ಮರಳುತ್ತದೆ. ಎಂಡೋಸ್ಕೋಪಿಯಲ್ಲಿ ಚೂರು ತೆಗೆದು, ಅಥವಾ ಉಸಿರಿನ ಪರೀಕ್ಷೆ, ಮಲದ ಆಂಟಿಜನ್ ಪರೀಕ್ಷೆಯಿಂದ ಪತ್ತೆ ಮಾಡುತ್ತಾರೆ. ರಕ್ತದಲ್ಲಿ ಆಂಟಿಬಾಡಿ ನೋಡುವ ಪರೀಕ್ಷೆ ಸೋಂಕು ಈಗ ಇದೆಯಾ ಅಂತ ಹೇಳುವುದಿಲ್ಲ, ಎಂದಾದರೂ ಬಂದಿತ್ತು ಅಂತ ಮಾತ್ರ ಹೇಳುತ್ತದೆ.

ಪರೀಕ್ಷೆಗೆ ಎರಡು ವಾರ ಮುಂಚೆ ಆಮ್ಲದ ಮಾತ್ರೆ, ನಾಲ್ಕು ವಾರ ಮುಂಚೆ ಆಂಟಿಬಯಾಟಿಕ್ ನಿಂತಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರುತ್ತದೆ. ಮೊದಲೇ ಮಾತ್ರೆ ನುಂಗಿದರೆ ಪರೀಕ್ಷೆ ಕೆಡುತ್ತದೆ ಅಂದದ್ದು ಇದಕ್ಕೇ. ರಕ್ತ ಸೋರುತ್ತಿರುವವರ ವಿಚಾರ ಬೇರೆ, ಅವರು ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬಾರದು.

ಚಿಕಿತ್ಸೆ ಅಂದರೆ ಒಂದು ಆಮ್ಲದ ಮಾತ್ರೆ, ಜೊತೆಗೆ ಎರಡು ಆಂಟಿಬಯಾಟಿಕ್, ಕೆಲವೊಮ್ಮೆ ಬಿಸ್ಮತ್. ಸಾಮಾನ್ಯವಾಗಿ 14 ದಿನ. ಬಾಯಿ ಲೋಹದ ರುಚಿ ಆಗುತ್ತದೆ, ಮಲ ಸಡಿಲಾಗುತ್ತದೆ, ಬಿಸ್ಮತ್ ಇದ್ದರೆ ಮಲ ಕಪ್ಪಾಗುತ್ತದೆ. ಐದನೇ ದಿನ ಉರಿ ನಿಂತಿತು ಅಂತ ಬಿಟ್ಟವರಲ್ಲಿ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ. ಅಪ್ಪನಿಗೆ ನಾನು ಕ್ಯಾಲೆಂಡರ್‌ನಲ್ಲಿ ಹದಿನಾಲ್ಕು ಚೌಕ ಬರೆದು, ಬೆಳಿಗ್ಗೆ ಒಂದು ಗೀಟು, ರಾತ್ರಿ ಒಂದು ಗೀಟು ಹಾಕಿಸುತ್ತಿದ್ದೆ. ಮೆಟ್ರೋನಿಡಜೋಲ್ ಇದ್ದರೆ ಮದ್ಯ ಮುಟ್ಟಬಾರದು. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಅಮಾಕ್ಸಿಸಿಲಿನ್ ಅದೇ ಜಾತಿಯದು.

ಹಂತ 8: ವಾಂತಿ ಭೇದಿಗೆ ಮೊದಲ ಔಷಧಿ ನೀರು

ಭೇದಿಯಲ್ಲಿ ಜೀವ ಹೋಗುವುದು ಬಹುತೇಕ ದೇಹದ ನೀರು ಉಪ್ಪು ಹರಿದುಹೋಗುವುದರಿಂದ. ಆದರೂ ಅಂಗಡಿಗೆ ಬಂದವರು ಮೊದಲು ಕೇಳುವುದು ಭೇದಿ ನಿಲ್ಲಿಸುವ ಮಾತ್ರೆ.

1. ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ. ಚಿಕ್ಕ ಪ್ಯಾಕೆಟ್ 200 ಮಿಲಿಗೆ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ. ಒಂದು ಲೋಟಕ್ಕೆ ಚೂರು ಪುಡಿ ಉದುರಿಸಿ ಕಲಸುವುದು ತಪ್ಪು. ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ, ತೆಳ್ಳಗಾದರೆ ಪ್ರಯೋಜನವಿಲ್ಲ.
2. ಸಕ್ಕರೆ, ಬೆಲ್ಲ, ಜ್ಯೂಸ್ ಏನೂ ಸೇರಿಸಬೇಡಿ. 24 ಗಂಟೆ ಆದರೆ ಚೆಲ್ಲಿ ಹೊಸದು ಮಾಡಿ.
3. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಕುಡಿಯುವಷ್ಟು.
4. ವಾಂತಿ ಆದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರು ಮಾಡಿ. ವಾಂತಿ ಆಯಿತು ಅಂತ ನಿಲ್ಲಿಸಬೇಡಿ.
5. ಮಕ್ಕಳಿಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ್ದರೆ ದಿನಕ್ಕೆ 20 ಮಿಲಿಗ್ರಾಂ, ಅದರೊಳಗಿದ್ದರೆ 10 ಮಿಲಿಗ್ರಾಂ, ಭೇದಿ ನಿಂತ ಮೇಲೂ ಸೇರಿ 14 ದಿನ.
6. ಎದೆಹಾಲು, ಊಟ ನಿಲ್ಲಿಸಬೇಡಿ. ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಿ.

ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಜಾಸ್ತಿ ಆಗಬಾರದು, ಮಕ್ಕಳಿಗೆ ಅಪಾಯ.

ಟೆಟ್ರಾ ಪ್ಯಾಕ್‌ನಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ಕುಡಿಸಿದ ತಾಯಂದಿರು ಎಷ್ಟೋ ಜನ. ಅವುಗಳಲ್ಲಿ ಸಕ್ಕರೆ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿಯೇ ಕೊಳ್ಳಿ.

ಹೆಚ್ಚಿನ ಭೇದಿ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್ ಬೇಡ. ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ಮಕ್ಕಳಿಗೆ ಕೊಡಬಾರದು. ಮಲದಲ್ಲಿ ರಕ್ತ ಅಥವಾ ಜೋರು ಜ್ವರ ಇದ್ದರೆ ದೊಡ್ಡವರಿಗೂ ಬೇಡ. ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಆರು ಗಂಟೆ ಮೂತ್ರ ಆಗದಿದ್ದರೆ, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ನಿಧಾನವಾಗಿ ಇಳಿದರೆ ಡ್ರಿಪ್ ಬೇಕು, ಹೊರಡಿ.

ಹಂತ 9: ಕಟ್ಟು, ಮೂಲವ್ಯಾಧಿ, ಕಾಮಾಲೆ

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋದರೆ, ಅಥವಾ ಪ್ರತಿ ಸಲ ತಿಣುಕಬೇಕಾದರೆ ಮಲಬದ್ಧತೆ. ಇಸಬ್ಗೋಲ್ ಅನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಒಣದಾಗಿ ನುಂಗಿದರೆ ಗಂಟಲಲ್ಲೇ ಉಬ್ಬುತ್ತದೆ. ಕಮೋಡ್ ಇದ್ದರೆ ಕಾಲಿನ ಕೆಳಗೆ ಚಿಕ್ಕ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ.

ಮಲದಲ್ಲಿ ಕೆಂಪು ರಕ್ತ ಬಂದರೆ ಎಲ್ಲರೂ ಮೂಲವ್ಯಾಧಿ ಅನ್ನುತ್ತಾರೆ. ಗಾಜು ಕುಯ್ದಂತೆ ನೋವಿದ್ದರೆ ಬಿರುಕು, ನೋವಿಲ್ಲದೆ ತೊಟ್ಟಿಕ್ಕಿದರೆ ಮೂಲವ್ಯಾಧಿ ಇರಬಹುದು. ಆದರೆ ಕರುಳಿನ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. ಮೂಲವ್ಯಾಧಿ ಚಿಕಿತ್ಸೆ ಅನ್ನುವ ಬೋರ್ಡ್ ನೋಡಿ ಒಳಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳುವ ಮುಂಚೆ ಸರ್ಜನ್ ಒಮ್ಮೆ ಬೆರಳಿಟ್ಟು ಪರೀಕ್ಷೆ ಮಾಡಲಿ. ನಾಚಿಕೆಯಿಂದ ಇದನ್ನು ಮುಂದೂಡಬೇಡಿ.

ಕಣ್ಣು ಹಳದಿಯಾದರೆ ಲಿವರ್ ಪರೀಕ್ಷೆ ಮಾಡಿಸಿ. ನೀರಿನಿಂದ ಬರುವ ಲಿವರ್ ಸೋಂಕುಗಳಾದ ಹೆಪಟೈಟಿಸ್ ಎ ಮತ್ತು ಇ ಬಹುತೇಕ ತಾವಾಗಿಯೇ ವಾಸಿಯಾಗುತ್ತವೆ. ನಾಟಿ ಔಷಧಿಗೆ ಹೆಸರು ಬಂದಿರುವುದು ಅದರಿಂದ. ಆದರೆ ಎಲ್ಲ ಕಾಮಾಲೆಯೂ ಅದಲ್ಲ. ಮಲ ಬಿಳಿಚಿ, ಮೈ ತುರಿಕೆ ಇದ್ದರೆ ಪಿತ್ತನಾಳ ಮುಚ್ಚಿರಬಹುದು. ಗರ್ಭಿಣಿಗೆ ಕಾಮಾಲೆ ಬಂದರೆ, ಅಥವಾ ಯಾರಿಗೇ ಆಗಲಿ ಮಾತು ತೊದಲಿ ಮಂಪರು ಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ. ಕೈಗೆ ಬರೆ ಹಾಕಿಸುವುದರಿಂದ ಗಾಯ ಬಿಟ್ಟು ಬೇರೇನೂ ಸಿಗುವುದಿಲ್ಲ.

ಹಂತ 10: ವಾಸಿಯಾಯಿತಾ ಅಂತ ಖಚಿತ ಮಾಡಿಕೊಳ್ಳಿ

ಎಚ್ ಪೈಲೋರಿಗೆ ಕೋರ್ಸ್ ಮುಗಿಸಿದವರು ನಾಲ್ಕು ವಾರ ಬಿಟ್ಟು ಉಸಿರು ಅಥವಾ ಮಲದ ಪರೀಕ್ಷೆ ಮತ್ತೆ ಮಾಡಿಸಬೇಕು. ಜಠರದಲ್ಲಿ ಹುಣ್ಣಿದ್ದವರಿಗೆ ಸಾಮಾನ್ಯವಾಗಿ ಇನ್ನೊಂದು ಎಂಡೋಸ್ಕೋಪಿ ಹೇಳುತ್ತಾರೆ. ಮಾಗದ ಹುಣ್ಣಿನ ಹಿಂದೆ ಕ್ಯಾನ್ಸರ್ ಅಡಗಿರಬಹುದು ಅನ್ನುವುದು ಕಾರಣ. ರಕ್ತ ಕಳೆದುಕೊಂಡವರು ಹಿಮೋಗ್ಲೋಬಿನ್ ಮೊದಲಿನಂತಾಗುವವರೆಗೆ ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ.

ಬಯಾಪ್ಸಿಗೆ, ಅಂದರೆ ಒಳಪದರದ ಚೂರು ತೆಗೆದು ನೋಡುವ ಪರೀಕ್ಷೆಗೆ, ಕೊಟ್ಟು ಬಂದವರು ಅದರ ರಿಪೋರ್ಟ್ ತರಲು ಮರೆಯುತ್ತಾರೆ. ಉರಿ ನಿಂತಿರುತ್ತದೆ, ಕೆಲಸದ ಗಡಿಬಿಡಿ ಇರುತ್ತದೆ. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ರಿಪೋರ್ಟ್ ಬರುವ ದಿನಾಂಕ ಬರೆದು, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಆ ದಿನ ಹೋಗಿ ಅದನ್ನು ಕೈಗೆ ತೆಗೆದುಕೊಂಡು, ಡಾಕ್ಟರಿಗೆ ತೋರಿಸಿಯೇ ಮನೆಗೆ ಬನ್ನಿ.